ಈಜಿಪ್ಟಿನ ಮೊದಲ ಒಲಿಂಪಿಕ್ ಮಹಿಳಾ ಪದಕ ಯಾರದು?

(ಮನೆ ಮಂದಿ ವಾಟ್ಸಾಪ್ ಗುಂಪು)

ಚಿಕ್ಕಪ್ಪ: ಫಾರ್ವರ್ಡ್ ಬಂದಿದ್ದು ಹಾಕ್ತಿದೀನಿ. "ಸಾರಾ ಸಮೀರ್. ಒಲಿಂಪಿಕ್ಸ್‌ನಲ್ಲಿ ಪದಕ ಗೆದ್ದ ಮೊದಲ ಈಜಿಪ್ಟ್ ಮಹಿಳೆ. ರಿಯೊ 2016, ವೇಟ್‌ಲಿಫ್ಟಿಂಗ್ 69 ಕೆ.ಜಿ., ಕಂಚು."

ಅತ್ತೆ: ಇದು ತಪ್ಪು. ದಾಖಲೆ ಪ್ರಕಾರ ಮೊದಲನೆಯವಳು ಅಬೀರ್ ಅಬ್ದೆಲ್‌ರಹಮಾನ್. 2008ರ ಬೀಜಿಂಗ್‌ನಲ್ಲಿ ಕಂಚು, 2012ರ ಲಂಡನ್‌ನಲ್ಲಿ ಬೆಳ್ಳಿ.

ಚಿಕ್ಕಪ್ಪ: ಎರಡೂ ಕಡೆ ಅಬೀರ್ ಬಂದಿದ್ದು ಐದನೇ ಸ್ಥಾನಕ್ಕೆ. ಪೋಡಿಯಂ ಹತ್ತಲೇ ಇಲ್ಲ. ಸಾರಾ ಸ್ನ್ಯಾಚ್‌ನಲ್ಲಿ (ಒಂದೇ ಏಟಿಗೆ ತಲೆ ಮೇಲಕ್ಕೆ ಎತ್ತೋದು) 112, ಕ್ಲೀನ್ ಅಂಡ್ ಜರ್ಕ್‌ನಲ್ಲಿ (ಮೊದಲು ಭುಜಕ್ಕೆ, ಆಮೇಲೆ ತಲೆ ಮೇಲಕ್ಕೆ) 143, ಒಟ್ಟು 255 ಕೆ.ಜಿ. ಎತ್ತಿ ಆವತ್ತೇ ಕೊರಳಿಗೆ ಪದಕ ಹಾಕಿಸಿಕೊಂಡವಳು. ಆಗ ಅವಳಿಗಿನ್ನೂ 18 ವರ್ಷ.

ಅತ್ತೆ: ಐದನೇ ಸ್ಥಾನ ಯಾಕೆ ಬಂತು ಅನ್ನೋದನ್ನೂ ಹೇಳಿ. ಲಂಡನ್‌ನ 75 ಕೆ.ಜಿ. ವಿಭಾಗದಲ್ಲಿ ಕಜಕಿಸ್ತಾನದ ಪೊಡೊಬೆಡೊವಾ 291, ರಷ್ಯಾದ ಜಬೊಲೊಟ್ನಾಯಾ 291, ಬೆಲಾರೂಸ್‌ನ ಕುಲೇಶಾ 269. ವರ್ಷಗಳ ಮೇಲೆ ಹಳೇ ಮಾದರಿಗಳ ಡೋಪಿಂಗ್ ಮರುಪರೀಕ್ಷೆಯಲ್ಲಿ ಮೂವರೂ ಅನರ್ಹ. ನಾಲ್ಕನೆಯವಳಾಗಿದ್ದ ಸ್ಪೇನಿನ ಲಿಡಿಯಾ ವ್ಯಾಲೆಂಟಿನ್ 265ಕ್ಕೆ ಚಿನ್ನ, ಅಬೀರ್ 258ಕ್ಕೆ ಬೆಳ್ಳಿ, ಕ್ಯಾಮರೂನ್‌ನ ಮಡಿಯಾಸ್ ನ್ಜೆಸೊಗೆ ಕಂಚು. ಇಡೀ ಪೋಡಿಯಂ ಬದಲಾಯ್ತು.

ಭಾವ: ಬೀಜಿಂಗ್‌ನದ್ದೂ ಹಾಗೇ. 69 ಕೆ.ಜಿ.ಯಲ್ಲಿ ಚೀನಾದ ಲಿಯು ಚುನ್‌ಹಾಂಗ್ 286 ಎತ್ತಿ ವಿಶ್ವ ದಾಖಲೆ ಮಾಡಿದ್ದಳು, ಉಕ್ರೇನಿನ ಡೇವಿಡೊವಾ ಮೂರನೆಯವಳು. ಇಬ್ಬರೂ ಪಟ್ಟಿಯಿಂದ ಹೋದ ಮೇಲೆ ರಷ್ಯಾದ ಸ್ಲಿವೆಂಕೊಗೆ ಚಿನ್ನ, 240 ಎತ್ತಿದ್ದ ಕೊಲಂಬಿಯಾದ ಲೇಡಿ ಸೊಲಿಸ್‌ಗೆ ಬೆಳ್ಳಿ, ಅಬೀರ್‌ಗೆ ಕಂಚು. ಸಿಡ್ನಿಯಲ್ಲಿ ನಮ್ಮ ಕರ್ಣಂ ಮಲ್ಲೇಶ್ವರಿ ಇದೇ 69ರಲ್ಲಿ ಇದೇ 240 ಎತ್ತಿ ಕಂಚು ಗೆದ್ದಿದ್ದು. 286 ಎಂಥಾ ಸಂಖ್ಯೆ ಅಂತ ಇದರಿಂದಲೇ ಅಂದಾಜು ಮಾಡಿ.

ಚಿಕ್ಕಪ್ಪ: ಸರಿ, ಆದರೆ ಅದು ಲ್ಯಾಬ್ ಕೊಟ್ಟ ಪದಕ. ಎಂಟು ವರ್ಷ ಆದಮೇಲೆ ಸಿಕ್ಕಿಬಿದ್ದವರು ಆವತ್ತೇ ಯಾಕೆ ಸಿಕ್ಕಿಬೀಳಲಿಲ್ಲ?

ಅತ್ತೆ: ಆವತ್ತಿನ ಪರೀಕ್ಷೆಗೆ ಕಾಣೋದೇ ಅಷ್ಟು. ಮೂತ್ರದ ಮಾದರಿಯನ್ನ ಸಂಗ್ರಹಿಸುವಾಗಲೇ ಎ ಮತ್ತು ಬಿ ಅಂತ ಎರಡು ಬಾಟಲಿಗೆ ಸುರಿದು ಸೀಲ್ ಮಾಡ್ತಾರೆ, ಆಮೇಲೆ ವರ್ಷಗಟ್ಟಲೆ ಕಾಪಿಡ್ತಾರೆ. ಟುರಿನಬಾಲ್‌ನಂಥ ಸ್ಟೆರಾಯ್ಡ್ ದೇಹದಲ್ಲಿ ಒಡೆದು ಬೇರೆ ಬೇರೆ ತುಣುಕುಗಳಾಗುತ್ತೆ. 2008ರಲ್ಲಿ ಹುಡುಕ್ತಾ ಇದ್ದದ್ದು ಬೇಗ ಹೊರಟುಹೋಗುವ ತುಣುಕುಗಳನ್ನ. ಕೂಟಕ್ಕೆ ಕೆಲವು ದಿನ ಮೊದಲು ಮಾತ್ರೆ ನಿಲ್ಲಿಸಿದರೆ ಮಾದರಿ ಶುದ್ಧ ಅಂತ ಬರ್ತಿತ್ತು. ವಾರಗಟ್ಟಲೆ ಉಳಿಯುವ ತುಣುಕುಗಳನ್ನ ಹಿಡಿಯೋ ವಿಧಾನ ಬಂದಿದ್ದು ಆಮೇಲೆ. ಅದನ್ನ ಹಳೇ ಬಾಟಲಿಗಳ ಮೇಲೆ ಪ್ರಯೋಗಿಸಿದಾಗ ವೇಟ್‌ಲಿಫ್ಟಿಂಗ್ ಪಟ್ಟಿಯೇ ಕುಸಿಯಿತು. ಬೀಜಿಂಗ್ ಮಾದರಿಗಳ ಮರುಪರೀಕ್ಷೆಗಿದ್ದ ಎಂಟು ವರ್ಷದ ಗಡುವು ಮುಗೀತಾ ಇದ್ದದ್ದು 2016ರ ಆಗಸ್ಟ್‌ನಲ್ಲಿ. ಅದಕ್ಕೇ ಆ ವರ್ಷ ಅಷ್ಟೊಂದು ಹೆಸರು ಹೊರಬಂದವು.

ಭಾವ: ಲಿಯು ಪ್ರಕರಣದಲ್ಲಿ ಸಿಕ್ಕಿದ್ದು ಬೇರೆ. ಬೆಳವಣಿಗೆ ಹಾರ್ಮೋನನ್ನ ಉಕ್ಕಿಸುವ ಜಿಎಚ್‌ಆರ್‌ಪಿ-2 ಮತ್ತು ಹಸಿವು ತಗ್ಗಿಸುವ ಔಷಧಿ ಸಿಬುಟ್ರಮಿನ್. ತೀರ್ಪು ಬಂದಿದ್ದು 2017ರ ಜನವರಿ. ಇನ್ನೊಂದು ವಿಷಯ, ಮೇಲಿನವರು ಅನರ್ಹರಾದ ತಕ್ಷಣ ಕೆಳಗಿನವರಿಗೆ ಪದಕ ತಾನಾಗಿ ಬಂದುಬಿಡಲ್ಲ. ಐಒಸಿ (ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ) ಪ್ರತ್ಯೇಕವಾಗಿ ನಿರ್ಧರಿಸಬೇಕು. ಹಾಗೆ ನಿರ್ಧರಿಸಿ ಕೊಟ್ಟದ್ದು ಪೂರ್ತಿ ಪದಕವೇ. ಎರಡನೇ ದರ್ಜೆ ಅಂತ ಯಾವ ನಿಯಮದಲ್ಲೂ ಇಲ್ಲ.

ಅಕ್ಕ: ಪೋಡಿಯಂ ಅಷ್ಟೇ ಅಲ್ಲ, ಅಬೀರ್ ಕಳಕೊಂಡಿದ್ದು ಸ್ಪರ್ಧೆಯನ್ನೇ. ಇದನ್ನ ಯಾರೂ ಲೆಕ್ಕಕ್ಕೆ ತಗೊಳ್ಳೋದಿಲ್ಲ. ಒಬ್ಬೊಬ್ಬರಿಗೆ ಸಿಗೋದು ಮೂರು ಸ್ನ್ಯಾಚ್, ಮೂರು ಕ್ಲೀನ್ ಅಂಡ್ ಜರ್ಕ್. ಬಾರ್ ಮೇಲಿನ ತೂಕ ಏರುತ್ತಾ ಹೋಗುತ್ತೆ, ಇಳಿಯೋದಿಲ್ಲ. ಮುಂದಿನ ಪ್ರಯತ್ನಕ್ಕೆ ಎಷ್ಟು ಕೇಳಬೇಕು ಅನ್ನೋದನ್ನ ಕೋಚ್ ತೀರ್ಮಾನಿಸೋದು ಎದುರಾಳಿಯ ತೂಕ ನೋಡಿ. ತೂಕ ಜಾಸ್ತಿ ಕೇಳಿದರೆ ಸರದಿ ಹಿಂದಕ್ಕೆ ಹೋಗುತ್ತೆ, ಕಾಯ್ತಾ ಕಾಯ್ತಾ ಮೈ ತಣ್ಣಗಾಗುತ್ತೆ, ವಾರ್ಮಪ್ ರೂಮಲ್ಲಿ ಇನ್ನೊಂದೆರಡು ಎತ್ತಿಸಬೇಕಾಗುತ್ತೆ. ಕಡಿಮೆ ಕೇಳಿದರೆ ನಡುವೆ ಬೇರೆಯವರ ಸರದಿ ಬರದೇ ತಾನೇ ಮತ್ತೆ ಎತ್ತಬೇಕು, ಒಂದು ನಿಮಿಷದ ಬದಲು ಎರಡು ನಿಮಿಷ ಸಿಗುತ್ತೆ, ಆದರೆ ಅಷ್ಟರಲ್ಲಿ ಕಾಲಿನ ಸುಸ್ತು ಇಳಿಯಲ್ಲ.

ಅಕ್ಕ: ಈಗ ಲಂಡನ್ ನೋಡಿ. 258 ಎಲ್ಲಿ, 291 ಎಲ್ಲಿ. 33 ಕೆ.ಜಿ. ಅಂತರಕ್ಕೆ ಯಾವ ಕೋಚ್ ಹತ್ರಾನೂ ತಂತ್ರ ಇಲ್ಲ. ಮೂರನೆಯವಳು ಕೂಡ 11 ಕೆ.ಜಿ. ಮುಂದೆ. ಆ ಮೂವರು ಇಲ್ಲದೇ ಹೋಗಿದ್ದರೆ ಚಿನ್ನಕ್ಕೂ ಅಬೀರ್‌ಗೂ ಬರೀ 7 ಕೆ.ಜಿ. ಬೆಳ್ಳಿ ಹೇಗೂ ಭದ್ರ, ಯಾಕಂದ್ರೆ ನ್ಜೆಸೊ ಸಾಕಷ್ಟು ಹಿಂದೆ ಇದ್ದಳು. ಹಾಗಾಗಿ ಕೊನೇ ಪ್ರಯತ್ನದಲ್ಲಿ ಧೈರ್ಯ ಮಾಡಿ ಚಿನ್ನದ ತೂಕ ಕೇಳಬಹುದಿತ್ತು. ಬಿದ್ದರೂ ನಷ್ಟ ಇರಲಿಲ್ಲ. ಆ ಪ್ರಯತ್ನ ನಡೆಯಲೇ ಇಲ್ಲ. ವರ್ಷಗಳ ಮೇಲೆ ಇಂಥ ಫಾರ್ವರ್ಡ್‌ನಲ್ಲಿ ಅವಳ ಹೆಸರನ್ನೂ ಬಿಟ್ಟರೆ ಅದು ಎರಡನೇ ಅನ್ಯಾಯ.

ಚಿಕ್ಕಪ್ಪ: ಅಬೀರ್‌ದು ಪದಕ ಅಲ್ಲ ಅಂತ ನಾನು ಹೇಳ್ತಿಲ್ಲ. ಆದರೆ ಕೂಟದ ದಿನವೇ ಪೋಡಿಯಂ ಮೇಲೆ ನಿಂತ ಮೊದಲ ಈಜಿಪ್ಟ್ ಮಹಿಳೆ ಸಾರಾ. ಅಲ್ಲಿನ ಹುಡುಗಿಯರು ಟೀವಿಯಲ್ಲಿ ನೋಡಿದ್ದು ಅವಳನ್ನ. ಅದಕ್ಕೂ ತೂಕ ಇದೆ.

ಅತ್ತೆ: ಖಂಡಿತ ಇದೆ. ಹಾಗಿದ್ರೆ "ಪೋಡಿಯಂ ಏರಿದ ಮೊದಲ" ಅಂತಲೇ ಬರೀಲಿ. "ಪದಕ ಗೆದ್ದ ಮೊದಲ" ಬೇಡ.

ತಮ್ಮ: ಆದರೆ ಈಜಿಪ್ಟಿನ ವೇಟ್‌ಲಿಫ್ಟಿಂಗ್ ತಂಡ ಕೂಡ ಡೋಪಿಂಗ್ ಕಾರಣಕ್ಕೇ ಟೋಕಿಯೊ ಒಲಿಂಪಿಕ್ಸ್‌ಗೆ ಬರಲಿಲ್ಲ ಅಲ್ವಾ? ಬೇರೆಯವರತ್ತ ಬೆರಳು ತೋರಿಸೋದು ಹೇಗೆ?

ಭಾವ: ನಿಜ, ಅದನ್ನ ಮುಚ್ಚಿಡಬಾರದು. 2016ರಲ್ಲಿ ಅಲ್ಲಿನ ಕಿರಿಯ ಲಿಫ್ಟರ್‌ಗಳ ಪರೀಕ್ಷೆ ಪಾಸಿಟಿವ್ ಬಂತು, 2019ರಲ್ಲಿ ಅಲ್ಲಿನ ವೇಟ್‌ಲಿಫ್ಟಿಂಗ್ ಫೆಡರೇಶನ್ ಮೇಲೆ ಎರಡು ವರ್ಷದ ನಿಷೇಧ ಬಿತ್ತು. ಏಟು ತಿಂದವರು ಮಾತ್ರ ಸಾರಾ ಮತ್ತು ಮೊಹಮ್ಮದ್ ಇಹಾಬ್. ಇಹಾಬ್ 2017ರ ವಿಶ್ವ ಚಾಂಪಿಯನ್. 2018ರಲ್ಲಿ ಅಶ್ಗಾಬಾತ್‌ನಲ್ಲಿ 81 ಕೆ.ಜಿ.ಯಲ್ಲಿ ಸ್ನ್ಯಾಚ್ 173 ಎತ್ತಿ ವಿಶ್ವ ದಾಖಲೆ ಮಾಡಿ, ಒಟ್ಟಾರೆ 373ಕ್ಕೆ ನಿಂತು, ಚೀನಾದ ಲು ಶಿಯಾವೊಜುನ್‌ಗೆ ಒಂದೇ ಕೆ.ಜಿ.ಯಿಂದ ಸೋತವನು. ಟೋಕಿಯೊದಲ್ಲಿ ಅದೇ ಲು ಚಿನ್ನ ಗೆದ್ದದ್ದು 374ಕ್ಕೆ. ಇಹಾಬ್ ಅಲ್ಲಿ ಇರಲೇ ಇಲ್ಲ. ತಾವು ಮಾಡದ ತಪ್ಪಿಗೆ ಲಿಫ್ಟರ್‌ಗಳು ಒಂದು ಒಲಿಂಪಿಕ್ಸನ್ನೇ ಕಳಕೊಳ್ಳೋ ಶಿಕ್ಷೆ ನನ್ನ ಪ್ರಕಾರ ನ್ಯಾಯ ಅಲ್ಲ.

ತಮ್ಮ: ಫೆಡರೇಶನ್‌ಗೆ ಬಿಸಿ ಮುಟ್ಟಿಸೋಕೆ ಬೇರೆ ದಾರಿ ಏನಿದೆ? ಮಕ್ಕಳಿಗೆ ಔಷಧಿ ಕೊಡೋದನ್ನ ದಂಡ ಕಟ್ಟಿಸಿ ನಿಲ್ಲಿಸೋಕಾಗಲ್ಲ.

ಅಕ್ಕ: ಅದರ ಬೆಲೆಯನ್ನ ಸಾರಾ ಕಟ್ಟಿದಳು. ರಿಯೊ ಆದಮೇಲೆ ಮುಂದಿನ ಒಲಿಂಪಿಕ್ ವೇದಿಕೆಗೆ ಎಂಟು ವರ್ಷ. ಪ್ಯಾರಿಸ್‌ನಲ್ಲಿ 81 ಕೆ.ಜಿ. ವಿಭಾಗ. ಸ್ನ್ಯಾಚ್ ಮುಗಿದಾಗ ಈಕ್ವೆಡಾರ್‌ನ ನೈಸಿ ಡಾಹೋಮೆಸ್ 122, ನಾರ್ವೆಯ ಸೋಲ್‌ಫ್ರಿಡ್ ಕೊಆಂಡಾ 121, ಸಾರಾ 117. ಡಾಹೋಮೆಸ್ ಕ್ಲೀನ್ ಅಂಡ್ ಜರ್ಕ್‌ನಲ್ಲಿ 145, ಒಟ್ಟು 267. ಸಾರಾ 150 ಎತ್ತಿದ್ದರೆ ಸಮ ಆಗ್ತಿತ್ತು, ಬೆಳ್ಳಿ ಸಿಗ್ತಿರಲಿಲ್ಲ.

ತಮ್ಮ: ಸಮ ಆದ್ರೆ ದೇಹತೂಕ ಕಡಿಮೆ ಇದ್ದವರು ಮುಂದೆ ಅಲ್ವಾ?

ಅಕ್ಕ: ಅದು ಹಳೇ ನಿಯಮ. ಲಂಡನ್‌ನಲ್ಲಿ ಆ ಎರಡು 291ರ ನಡುವೆ ತೀರ್ಮಾನ ಆಗಿದ್ದು ಹಾಗೆ. ರಿಯೊ ನಂತರ ಬದಲಾಯ್ತು, ಈಗ ಆ ಮೊತ್ತವನ್ನ ಮೊದಲು ಮುಟ್ಟಿದವರು ಮುಂದೆ. ಕಡಿಮೆ ತೂಕದ ಬಾರ್‌ನಲ್ಲೇ ಡಾಹೋಮೆಸ್ 267 ಮುಟ್ಟಿಯಾಗಿತ್ತು. ಹಾಗಾಗಿ ಸಾರಾಗೆ 151 ಬೇಕೇ ಬೇಕಿತ್ತು. 151 ಎತ್ತಿದಳು, ಒಟ್ಟು 268, ಬೆಳ್ಳಿ. ಚಿನ್ನ 275ಕ್ಕೆ ಕೊಆಂಡಾ ಪಾಲಾಯ್ತು.

ಚಿಕ್ಕಪ್ಪ: ಹಾಗಾದ್ರೆ ಅಬೀರ್‌ದು ಒಂದು ಬೆಳ್ಳಿ ಒಂದು ಕಂಚು, ಸಾರಾದೂ ಒಂದು ಬೆಳ್ಳಿ ಒಂದು ಕಂಚು.

ಅತ್ತೆ: ಹೌದು, ಲೆಕ್ಕ ಸಮ. ವರ್ಷದ ಪ್ರಕಾರ ಅಬೀರ್ ಮೊದಲು.