‘ಕೋರ್’ಗೆ ‘ನಡುಗಟ್ಟು’ ಅನ್ನಬಹುದೇ?

ವ್ಯಾಯಾಮದ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಕೋರ್ ಸ್ಟೆಬಿಲಿಟಿ’ (ಮೈಯ ನಡುಭಾಗವನ್ನು ಸ್ನಾಯುಗಳು ಭದ್ರವಾಗಿ ಹಿಡಿದಿಡುವುದು) ಅನ್ನುವಲ್ಲಿ ಎರಡು ದಿನದಿಂದ ಕೈ ಓಡುತ್ತಿಲ್ಲ.

ಕೋರ್‌ಗೆ ‘ಹೊಟ್ಟೆಯ ಸ್ನಾಯು’ ಅಂತ ಬರೆಯುವುದುಂಟು. ಅದು ಸಾಲದು. ಮೇಲೆ ವಪೆ (ಎದೆ-ಹೊಟ್ಟೆಗಳ ನಡುವಿನ ಉಸಿರಾಟದ ಸ್ನಾಯು), ತಳದಲ್ಲಿ ಕಿಬ್ಬೊಟ್ಟೆಯ ಅಂಗಗಳನ್ನು ಹೊತ್ತ ಸ್ನಾಯುಗಳು, ಹಿಂದೆ ಬೆನ್ನುಮೂಳೆಯ ಮಣಿಗಳನ್ನು ಹಿಡಿದಿಡುವ ಪುಟ್ಟ ಸ್ನಾಯುಗಳು, ಸುತ್ತಲೂ ಪಟ್ಟಿಯಂತೆ ಬಳಸಿಕೊಂಡ ಹೊಟ್ಟೆಯ ಸ್ನಾಯುಗಳ ಒಳಪದರ. ಎಲ್ಲ ಸೇರಿದರೇ ಕೋರ್. ಸ್ನಾಯುಗಳನ್ನು ತೆಗೆದು ಬರೀ ಮೂಳೆ ಮತ್ತು ಅವನ್ನು ಕಟ್ಟಿದ ನಾರುಗಳನ್ನಷ್ಟೇ ಉಳಿಸಿದರೆ, ಸೊಂಟದ ಭಾಗದ ಬೆನ್ನುಮೂಳೆ ಸುಮಾರು 9 ಕಿಲೋ ಭಾರಕ್ಕೇ ಬಾಗಿಬಿಡುತ್ತದೆ. ನಮ್ಮ ಮೇಲುಮೈಯ ತೂಕ ಅದಕ್ಕಿಂತ ಎಷ್ಟೋ ಜಾಸ್ತಿ, ಅಲ್ವಾ?

ಸ್ಟೆಬಿಲಿಟಿಗೆ ‘ಸ್ಥಿರತೆ’ಯೂ ಒಗ್ಗುತ್ತಿಲ್ಲ. ಅಲ್ಲಾಡದೆ ಸುಮ್ನೆ ನಿಂತ ಹಾಗೆ ಕೇಳಿಸುತ್ತದೆ. ಇಲ್ಲಿ ನಡೆಯುವುದೇ ಬೇರೆ. ನಾವು ಕೈಯನ್ನು ಥಟ್ಟನೆ ಎತ್ತುವಾಗ, ತೋಳಿಗಿಂತ ಒಂದು ಚೂರು ಮೊದಲೇ ಆ ಒಳಪದರ ಬಿಗಿಯಾಗಿರುತ್ತದೆ. ಸೊಂಟದ ಮುಂದಿನ ಎರಡು ಮೂಳೆಗಳ ಒಳಬದಿಗೆ ಬೆರಳೂರಿ ಮೆಲ್ಲಗೆ ಕೆಮ್ಮಿ ನೋಡಿ. ಬೆರಳ ಕೆಳಗೆ ಏನೋ ಗಟ್ಟಿಯಾಗುವುದು ಗೊತ್ತಾಗುತ್ತದೆ. ಯಾರೂ ಹೇಳದೆ ಮೈ ತಾನಾಗಿ ಸಜ್ಜಾಗುವುದು ಇದು.

ಆಗ ಹೊಳೆದದ್ದು ‘ಟೊಂಕ ಕಟ್ಟು’. ಕೆಲಸಕ್ಕೆ ಇಳಿಯುವ ಮುಂಚೆ ಸೊಂಟ ಬಿಗಿಯುವ ಮಾತು ನಮ್ಮಲ್ಲಿ ಮೊದಲೇ ಇದೆಯಲ್ಲ! ‘ನಡು’ ಅಂದರೆ ಸೊಂಟವೂ ಹೌದು, ಮಧ್ಯವೂ ಹೌದು. ಹಾಗಾಗಿ ಕೋರ್‌ಗೆ ‘ನಡುಗಟ್ಟು’, ಕೋರ್ ಸ್ಟೆಬಿಲಿಟಿಗೆ ‘ನಡುಗಟ್ಟಿನ ಹಿಡಿತ’ ಅಂತ ಬರೆದುಕೊಂಡಿದ್ದೇನೆ. ‘ಹಿಡಿತ’ದಲ್ಲಿ ಬಿಗಿಯೂ ಇದೆ, ಬೇಕಾದಾಗ ಸಡಿಲಿಸುವ ಅವಕಾಶವೂ ಇದೆ. ಇದು ನನಗೆ ತುಂಬ ಹಿಡಿಸಿದೆ.

ಅದೇ ಬರಹದಲ್ಲಿ ಬರುವ ಪೋಸ್ಚರ್‌ಗೆ ‘ಭಂಗಿ’ ಬೇಡ ಅನಿಸಿತು. ಭಂಗಿ ಫೋಟೋಗೆ, ನಾಟ್ಯಕ್ಕೆ. ದಿನವಿಡೀ ಕೂತು ನಿಂತು ಮಾಡುವಾಗಿನದು ‘ಮೈನಿಲುವು’. ಬರೀ ‘ನಿಲುವು’ ಅಂದರೆ ಅಭಿಪ್ರಾಯ ಅಂದುಕೊಂಡಾರು.

ಒಂದೇ ಅಳುಕು. ‘ನಡುಗಟ್ಟು’ ಅಂತ ಓದಲು ಶುರುಮಾಡಿದರೆ ಮೊದಲು ಕಣ್ಣಿಗೆ ಬೀಳುವುದು ‘ನಡುಗು’. ಅರ್ಥ ಪೂರ್ತಿ ಉಲ್ಟಾ! ‘ನಡುಕಟ್ಟು’ ಅಂದರೂ ‘ನಡುಕ’ ಇಣುಕುತ್ತದೆ. ನೀವು ಓದುವಾಗ ಇದು ಎಡವುತ್ತದೆಯೇ? ಹಾಗಿದ್ದರೆ ‘ಟೊಂಕಗಟ್ಟು’ ಎಂದೇ ಇಡಲೇ?