ಚೀಟಿ ಬಂದೊಡನೆ ಗಿಟಾರ್ ಪ್ರೀಸೆಟ್ ಬದಲಾಗುವಂತೆ ಪೈಥಾನ್‌ನಲ್ಲಿ ಮಾಡಬಹುದೇ?

ಕೋಲಾರದ ಗಿಟಾರ್ ವಾದಕ (ಪ್ರಶ್ನೆ):
ಕೋಲಾರದ ಆರ್ಕೆಸ್ಟ್ರಾ ತಂಡವೊಂದರಲ್ಲಿ ನಾನು ಗಿಟಾರ್ ನುಡಿಸುತ್ತೇನೆ. ನಮ್ಮ ಕಡೆ ಕನ್ನಡದ ಜೊತೆಗೆ ತೆಲುಗು, ತಮಿಳು ಹಾಡುಗಳನ್ನೂ ಜನ ಕೇಳುವುದರಿಂದ ಹಾಡುಗಳ ಪಟ್ಟಿ ನೂರನ್ನು ದಾಟಿದೆ. ಮಲ್ಟಿ ಎಫೆಕ್ಟ್ಸ್ ಪೆಡಲ್‌ನಲ್ಲಿ (ಗಿಟಾರ್‌ನ ನಾದ ಬದಲಿಸುವ, ಕಾಲಿನಿಂದ ಒತ್ತುವ ಸಾಧನ) ಹಾಡಿಗೊಂದು ಪ್ರೀಸೆಟ್ (ಉಳಿಸಿಟ್ಟ ನಾದದ ಹೊಂದಿಕೆ) ಮಾಡಿ, ಕಾರ್ಯಕ್ರಮದ ಕ್ರಮದಲ್ಲಿಯೇ ಜೋಡಿಸಿಟ್ಟುಕೊಂಡಿರುತ್ತೇನೆ. ಆದರೆ ಸಭೆಯಿಂದ ಹಾಡಿನ ಕೋರಿಕೆಯ ಚೀಟಿ ಬಂದು ನಿರೂಪಕರು ಅದನ್ನು ಓದಿದರೆಂದರೆ ಆ ಕ್ರಮವೆಲ್ಲ ತಲೆಕೆಳಗಾಗುತ್ತದೆ. ಡ್ರಮ್ಸ್‌ನವರು ಕೌಂಟ್ ಕೊಡುವಷ್ಟರಲ್ಲಿ ನಾನಿನ್ನೂ ಕಾಲಿನಲ್ಲಿ ಬ್ಯಾಂಕ್ (ಪ್ರೀಸೆಟ್‌ಗಳ ಗುಂಪು) ಹುಡುಕುತ್ತಿರುತ್ತೇನೆ. ಪೈಥಾನ್ ತಕ್ಕಮಟ್ಟಿಗೆ ಗೊತ್ತಿದೆ, ಪೆಡಲ್‌ಗೆ ಯುಎಸ್‌ಬಿ ಮಿಡಿ (ವಾದ್ಯಗಳು, ಕಂಪ್ಯೂಟರ್‌ಗಳು ಪರಸ್ಪರ ಸಂದೇಶ ಕಳುಹಿಸುವ ಪದ್ಧತಿ) ಸೌಲಭ್ಯವೂ ಇದೆ. ಲ್ಯಾಪ್‌ಟಾಪ್‌ನಲ್ಲಿ ಹಾಡಿನ ಹೆಸರು ಬರೆದೊಡನೆ ಅದರ ಪ್ರೀಸೆಟ್ ಬರುವಂತೆ ಮಾಡಲು ಎಲ್ಲಿಂದ ಆರಂಭಿಸಬೇಕು?

ತುಮಕೂರಿನ ಕೀಬೋರ್ಡ್ ವಾದಕ:
ಖಂಡಿತ ಮಾಡಬಹುದು ಸರ್. ಆದರೆ ಪ್ರೋಗ್ರಾಮ್ ಬರೆಯಲು ಕೂರುವ ಮೊದಲು ಹಾಡಿಗೊಂದು ಪ್ರೀಸೆಟ್ ಎಂಬ ಪದ್ಧತಿಯನ್ನೇ ಕೈಬಿಡಿ. ನೂರು ಹಾಡುಗಳನ್ನು ಕೂಡಿಸಿಕೊಂಡು ಕೇಳಿದರೆ, ತಿಳಿಯಾದ ಕ್ಲೀನ್ ರಿದಮ್, ಕೋರಸ್ ಬೆರೆತ ಆರ್ಪೆಜಿಯೋ, ಕ್ರಂಚ್, ಡಿಲೇ (ಪ್ರತಿಧ್ವನಿಯ ಎಫೆಕ್ಟ್) ಇರುವ ಲೀಡ್, ವಾ, ಅಕೌಸ್ಟಿಕ್ ಅನುಕರಣೆ ಹೀಗೆ ಹತ್ತು ಹನ್ನೆರಡು ನಾದಗಳಿಗಿಂತ ಹೆಚ್ಚು ಬೇಕಾಗಿರುವುದಿಲ್ಲ. ಆದ್ದರಿಂದ ಎರಡು ಸಿಎಸ್‌ವಿ ಕಡತಗಳನ್ನು (ಅಂಕಣಗಳಿರುವ ಸರಳ ಪಟ್ಟಿ) ಮಾಡಿಕೊಳ್ಳಿ: ಒಂದರಲ್ಲಿ ನಾದದ ಹೆಸರು, ಬ್ಯಾಂಕ್, ಪ್ರೀಸೆಟ್ ಸಂಖ್ಯೆ, ಇನ್ನೊಂದರಲ್ಲಿ ಹಾಡಿನ ಸಂಖ್ಯೆ, ಹೆಸರು, ಟೆಂಪೋ, ಬೇಕಾದ ನಾದ, ಜೊತೆಗೆ ಕ್ಯಾಪೋ (ಶ್ರುತಿ ಏರಿಸಲು ತಂತಿಗಳ ಮೇಲೆ ಹಾಕುವ ಕ್ಲಿಪ್) ಎಷ್ಟನೆಯ ಫ್ರೆಟ್‌ನಲ್ಲಿ ಎಂಬ ಅಂಕಣ. (ಗಾಯಕಿ ಬದಲಾದ ದಿನ ಈ ಕೊನೆಯ ಅಂಕಣಕ್ಕೆ ನೀವು ಕೃತಜ್ಞರಾಗಿರುತ್ತೀರಿ.) ಕಡತವನ್ನು ಪೈಥಾನ್‌ನಿಂದ ಉಳಿಸುವಾಗ ಎನ್‌ಕೋಡಿಂಗ್ ಯುಟಿಎಫ್-8-ಸಿಗ್ ಎಂದು ಕೊಡದಿದ್ದರೆ, ಎಕ್ಸೆಲ್‌ನಲ್ಲಿ ತೆರೆದಾಗ ಕನ್ನಡ ಅಕ್ಷರಗಳು ಕಲಸಿಹೋಗಬಹುದು.

ಸಂದೇಶ ಕಳುಹಿಸಲು ಮಿಡೋ ಎಂಬ ಲೈಬ್ರರಿ ಸಾಕು. ಅದರೊಂದಿಗೆ ಪೈಥಾನ್-ಆರ್‌ಟಿಮಿಡಿಯನ್ನೂ ಅಳವಡಿಸಿಕೊಳ್ಳಬೇಕು. 1983ರಿಂದ ಬಳಕೆಯಲ್ಲಿರುವ ಮಿಡಿ ಪದ್ಧತಿಯಲ್ಲಿ ಪ್ರೀಸೆಟ್ ಬದಲಿಸುವ ಪ್ರೋಗ್ರಾಮ್ ಚೇಂಜ್ ಎನ್ನುವುದು ಕೇವಲ ಎರಡು ಬೈಟ್‌ಗಳ ಸಂದೇಶ. ಅದರ ಸಂಖ್ಯೆ 0ಯಿಂದ 127ರವರೆಗೆ ಇರುತ್ತದೆ, ಆದರೆ ಅನೇಕ ಪೆಡಲ್‌ಗಳ ಪರದೆ 1ರಿಂದ 128ರವರೆಗೆ ತೋರಿಸುತ್ತದೆ. ಚಾನೆಲ್ ಕೂಡ ಪೆಡಲ್‌ನಲ್ಲಿ 1ರಿಂದ 16, ಮಿಡೋದಲ್ಲಿ 0ಯಿಂದ 15. ಪಕ್ಕದ ಪ್ರೀಸೆಟ್ ಬರುತ್ತಿದೆಯೆಂದರೆ ಈ ಒಂದರ ವ್ಯತ್ಯಾಸವನ್ನೇ ಮೊದಲು ಅನುಮಾನಿಸಿ. 128ಕ್ಕಿಂತ ಹೆಚ್ಚು ಪ್ರೀಸೆಟ್‌ಗಳಿರುವ ಪೆಡಲ್‌ಗಳಲ್ಲಿ ಸಾಮಾನ್ಯವಾಗಿ ಕಂಟ್ರೋಲ್ ಚೇಂಜ್ (ಒಂದೊಂದು ನಿಯಂತ್ರಣವನ್ನು ಬದಲಿಸುವ ಸಂದೇಶ) 0 ಅಥವಾ 32ರ ಮೂಲಕ ಬ್ಯಾಂಕನ್ನು ಮೊದಲು ಆಯ್ದು, ಆಮೇಲೆ ಪ್ರೋಗ್ರಾಮ್ ಚೇಂಜ್ ಕಳುಹಿಸಬೇಕು. ಕ್ರಮ ತಪ್ಪಿದರೆ ಹಳೆಯ ಬ್ಯಾಂಕಿನ ಪ್ರೀಸೆಟ್ ಬಂದು ಕೂರುತ್ತದೆ.

ಹೆಸರು ಟೈಪ್ ಮಾಡುವ ಯೋಚನೆ ನನಗೆ ಒಪ್ಪಿಗೆಯಾಗಲಿಲ್ಲ. ಮೂರು ಭಾಷೆಯ ಹೆಸರುಗಳನ್ನು ವೇದಿಕೆಯ ಬಣ್ಣದ ದೀಪದ ಕೆಳಗೆ ಯಾರು ಬರೆಯುತ್ತಾರೆ? ತಂಡದ ಹಾಡಿನ ಪುಸ್ತಕದಲ್ಲಿರುವ ಸಂಖ್ಯೆಯನ್ನೇ ಬಳಸಿ, ಒಂದು ಯುಎಸ್‌ಬಿ ನಂಬರ್ ಪ್ಯಾಡ್ ಅನ್ನು ಮೈಕ್ ಸ್ಟ್ಯಾಂಡಿಗೆ ಕಟ್ಟಿಕೊಳ್ಳಿ. 47 ಒತ್ತಿ ಎಂಟರ್ ಕೊಟ್ಟರೆ ಕೆಲಸ ಮುಗಿಯಿತು.

ಚಿಕ್ಕಬಳ್ಳಾಪುರದ ಸೌಂಡ್‌ನವರು:
ಪ್ರೀಸೆಟ್‌ಗಳನ್ನು ಹತ್ತು ಹನ್ನೆರಡಕ್ಕೆ ಇಳಿಸುವ ಮೇಲಿನ ಸಲಹೆಯನ್ನು ನಾನು ಬೇರೊಂದು ಕಾರಣಕ್ಕೆ ಬೆಂಬಲಿಸುತ್ತೇನೆ. ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಮಾಡಿದ ಪ್ರೀಸೆಟ್ ಮೈದಾನದ ಸ್ಪೀಕರ್‌ಗಳಲ್ಲಿ ಹಾಗೆಯೇ ಕೇಳುವುದಿಲ್ಲ, ಏಕೆಂದರೆ ಸದ್ದು ಹೆಚ್ಚಿದಂತೆ ಕಿವಿಗೆ ಬೇಸ್ ಮತ್ತು ಟ್ರೆಬಲ್ ಎರಡೂ ಹೆಚ್ಚಾಗಿ ತಾಗುತ್ತವೆ. ನೂರು ಪ್ರೀಸೆಟ್‌ಗಳಿದ್ದರೆ ಸೌಂಡ್ ಚೆಕ್‌ನಲ್ಲಿ ಅವನ್ನೆಲ್ಲ ತಿದ್ದಲು ಯಾರಿಗೂ ಸಮಯವಿರುವುದಿಲ್ಲ. ಹನ್ನೆರಡೇ ಇದ್ದರೆ ಲೀಡ್ ನಾದದ ಮಟ್ಟವನ್ನು ಒಮ್ಮೆ ತಗ್ಗಿಸಿದೊಡನೆ ಅದನ್ನು ಬಳಸುವ ಎಲ್ಲ ಹಾಡುಗಳೂ ಸರಿಹೋಗುತ್ತವೆ.

ಇನ್ನು ಜನರೇಟರ್ ವಿಷಯ. ಡೀಸೆಲ್ ತುಂಬಿಸಲೆಂದು ಅದನ್ನು ನಿಲ್ಲಿಸಿದರೆ ಪೆಡಲ್ ಆರಿಹೋಗುತ್ತದೆ, ಬ್ಯಾಟರಿಯಿರುವ ಲ್ಯಾಪ್‌ಟಾಪ್ ಮಾತ್ರ ಏನೂ ಆಗದಂತೆ ನಡೆಯುತ್ತಿರುತ್ತದೆ. ಕರೆಂಟ್ ಬಂದ ಮೇಲೆ ನಿಮ್ಮ ಪ್ರೋಗ್ರಾಮ್ ಪೋರ್ಟನ್ನು (ಪೆಡಲ್‌ನೊಂದಿಗಿನ ಮಿಡಿ ಸಂಪರ್ಕ) ಮತ್ತೆ ತೆರೆದು, ಸದ್ಯದ ಹಾಡಿನ ಸಂದೇಶಗಳನ್ನು ಪುನಃ ಕಳುಹಿಸುವಂತೆ ಒಂದು ಕೀ ಇಟ್ಟುಕೊಳ್ಳಿ. ಮರುಜೋಡಣೆಯಾದಾಗ ಪೋರ್ಟಿನ ಹೆಸರಿನ ಕೊನೆಯ ಅಂಕಿ ಬದಲಾಗುವುದುಂಟು, ಹಾಗಾಗಿ ಹೆಸರಿನ ಮೊದಲ ಭಾಗವನ್ನಷ್ಟೇ ಹೋಲಿಸಬೇಕು.

ಕೋಲಾರದ ಗಿಟಾರ್ ವಾದಕ:
ಇಬ್ಬರಿಗೂ ಧನ್ಯವಾದಗಳು. ಒಂದೇ ಲೀಡ್ ನಾದವನ್ನು ಹಲವು ಹಾಡುಗಳಿಗೆ ಬಳಸಿದರೆ ಡಿಲೇ ಸಮಯ ಪ್ರತಿ ಹಾಡಿನ ಟೆಂಪೋಗೆ ಹೊಂದುವುದು ಹೇಗೆ? ಹಾಡಿನ ನಡುವೆ ಪ್ರೀಸೆಟ್ ಬದಲಿಸಿದಾಗ ಡಿಲೇಯ ಬಾಲ (ಕೊನೆಯಲ್ಲಿ ಉಳಿಯುವ ಪ್ರತಿಧ್ವನಿ) ತುಂಡಾಗುವುದಕ್ಕೂ ಪರಿಹಾರವಿದೆಯೇ?

ತುಮಕೂರಿನ ಕೀಬೋರ್ಡ್ ವಾದಕ:
ಟೆಂಪೋ ಅಂಕಣ ಇಟ್ಟುಕೊಳ್ಳಲು ಹೇಳಿದ್ದು ಅದಕ್ಕಾಗಿಯೇ. 60,000ವನ್ನು ಬಿಪಿಎಂನಿಂದ (ನಿಮಿಷಕ್ಕೆ ಎಷ್ಟು ಬೀಟ್ ಎಂಬ ಸಂಖ್ಯೆ) ಭಾಗಿಸಿದರೆ ಒಂದು ಬೀಟ್‌ನ ಮಿಲಿಸೆಕೆಂಡ್‌ಗಳು ಸಿಗುತ್ತವೆ. 120ಕ್ಕೆ 500, ಡಾಟೆಡ್ ಏಯ್ತ್ ಬೇಕಿದ್ದರೆ ಅದರ ಮುಕ್ಕಾಲು, ಅಂದರೆ 375. ಆದರೆ ಕಂಟ್ರೋಲ್ ಚೇಂಜ್‌ನ ಮೌಲ್ಯ 127ನ್ನು ಮೀರದ ಕಾರಣ 375 ಎಂದು ನೇರವಾಗಿ ಕಳುಹಿಸಲಾಗದು. ಪ್ರೀಸೆಟ್‌ನಲ್ಲಿ ಡಿಲೇಯನ್ನು ಟೆಂಪೋಗೆ ಕಟ್ಟಿಟ್ಟು, ಪೆಡಲ್‌ನ ಟ್ಯಾಪ್ ಟೆಂಪೋಗೆ (ತಟ್ಟಿದ ವೇಗವನ್ನೇ ಟೆಂಪೋ ಮಾಡಿಕೊಳ್ಳುವ ಸೌಲಭ್ಯ) ಗೊತ್ತುಪಡಿಸಿದ ಸಂದೇಶವನ್ನು 500 ಮಿಲಿಸೆಕೆಂಡ್ ಅಂತರದಲ್ಲಿ ನಾಲ್ಕು ಬಾರಿ ಕಳುಹಿಸಿ. ಪೆಡಲ್ ಮಿಡಿ ಕ್ಲಾಕ್ (ಟೆಂಪೋ ತಿಳಿಸುವ ಸಂದೇಶಗಳ ಸರಣಿ) ಒಪ್ಪುವುದಾದರೆ ಬೀಟ್‌ಗೆ 24 ಪಲ್ಸ್‌ಗಳಂತೆ ಕಳುಹಿಸಬಹುದು. ನಿಮಗೆ ಟ್ಯಾಪ್ ಸಾಕೆಂದು ನನ್ನ ಅಭಿಪ್ರಾಯ.

ಹಾಡಿನ ನಡುವೆ ಪ್ರೀಸೆಟ್ ಬದಲಿಸಲೇಬೇಡಿ. ಚರಣದಿಂದ ಸೋಲೋಗೆ ಹೋಗುವಾಗ ಅದೇ ಪ್ರೀಸೆಟ್‌ನೊಳಗಿನ ಡ್ರೈವ್ ಎಫೆಕ್ಟನ್ನು ಮಾತ್ರ ಕಂಟ್ರೋಲ್ ಚೇಂಜ್‌ನಿಂದ ಆನ್ ಮಾಡಿದರೆ ಡಿಲೇಯ ಬಾಲ ತುಂಡಾಗುವುದಿಲ್ಲ. ಆ ಕೆಲಸವನ್ನು ಲ್ಯಾಪ್‌ಟಾಪ್‌ಗೆ ಕೊಡದೆ ಪೆಡಲ್‌ನ ಕಾಲ್ಸ್ವಿಚ್‌ಗೇ ಬಿಡಿ, ಏಕೆಂದರೆ ಗಾಯಕರು ಪಲ್ಲವಿಯನ್ನು ಇನ್ನೊಮ್ಮೆ ಎತ್ತಿಕೊಳ್ಳುವರೋ ಇಲ್ಲವೋ ಎಂಬುದನ್ನು ನೀವು ಅವರ ಮುಖ ನೋಡಿಯೇ ತಿಳಿಯಬೇಕಾಗುತ್ತದೆ.