ಹಗ್ಗ ತಿಕ್ಕಿ ದೋಣಿ ಅಂಚಿನ ಬಣ್ಣ ಹೋಗಾಕತ್ತೈತಿ, ಏನ್ ಮಾಡೂದು?

ಉಣಕಲ್ ದಂಡಿ:
ಉಣಕಲ್ ಕೆರಿಯೊಳಗ 14 ಅಡಿ ಫೈಬರ್ ದೋಣಿ ಐತಿ. ಹಾರ್ಡನರ್ ಕಲಸಿ ಹಚ್ಚೂ ಪಿಯು (ಪಾಲಿಯುರೆಥೇನ್) ಬಣ್ಣ. 12 ಎಂಎಂ ನೀಲಿ ಪ್ಲಾಸ್ಟಿಕ್ ಹಗ್ಗದಿಂದ ಹಿಂದ ಮುಂದ ಜೆಟ್ಟಿಗೆ ಕಟ್ಟೇವಿ. ಹಗ್ಗ ಅಂಚು ದಾಟೂ ಜಾಗದಾಗ ಪ್ರೈಮರ್ ಕಾಣಾಕತ್ತೈತಿ. ಹಗ್ಗಕ್ಕ ತೋಟದ ನೀರಿನ ಪೈಪ್ ಹಾಕಿದ್ರ ಸಾಕೇನ್ರಿ? ಮುಂಗಾರು ಗಾಳಿ ಬರೂದ್ರೊಳಗ ಮುಗಿಸಬೇಕು.

ಹುರಿಹಗ್ಗ:
ಮೊದಲ ಹಗ್ಗ ಬದಲಾಯಿಸ್ರಿ. ನೀಲಿ ಹಗ್ಗ ಪಾಲಿಪ್ರೊಪಿಲೀನ್. ಬಿಸಲಿಗೆ ಅದರ ಎಳಿ ಮುರದು ಮುಳ್ಳಿನಂಗ ನಿಲ್ತಾವು, ಅದಕ್ಕ ಕೆರಿ ಮಣ್ಣು ಹತ್ತಿದ್ರ ಉಪ್ಪುಕಾಗದ ಇದ್ದಂಗ. ನೈಲಾನ್ ತಗೋರಿ, 12 ಎಂಎಂನ. ಅದು ಹಿಗ್ಗತೈತಿ, ಗಾಳಿ ಜಗ್ಗಿದಾಗ ಪೆಟ್ಟು ಅಂಚಿಗೆ ಬೀಳೂದು ಕಡಿಮಿ. ಒಂದು ಎಚ್ಚರ: ನೈಲಾನ್ ನೀರಾಗ ಮುಳಗತೈತಿ, ಎಂಜಿನ್ ಇದ್ರ ತುದಿ ಜೋತಾಡಾಕ ಬಿಡಬ್ಯಾಡ್ರಿ.

ತೋಟದ ಪೈಪ್ ಬ್ಯಾಡ. ಬಿಸಲಿಗೆ ಗಟ್ಟಿಯಾಗಿ ಸೀಳತೈತಿ, ಕತ್ತರಿಸಿದ ಬಾಯಿನೇ ಬಣ್ಣ ಕೆರೀತೈತಿ. ಬೆಂಕಿ ಆರಿಸೂ ಹಳೇ ಕ್ಯಾನ್ವಾಸ್ ಹೋಸ್ ಗುಜರಿಯೊಳಗ ಕೇಳ್ರಿ. 60 ಸೆಂ.ಮೀ. ತುಂಡು ಉದ್ದಕ್ಕ ಸೀಳಿ ಹಗ್ಗಕ್ಕ ಸುತ್ತಿ ದಪ್ಪ ದಾರದಿಂದ ಹೊಲೀರಿ. ಜೆಟ್ಟಿ ಕಡೆಯ ತುದಿಯನ್ನ ಹಗ್ಗದ ಎಳಿಯೊಳಗ ತೂರಿಸಿ ಹೊಲಿದ್ರ ಜಾರೂದಿಲ್ಲ. ಜಾರಿದ ತೊಡಿಗಿ ಇದ್ದೂ ಇಲ್ಲದಂಗ. ತಿಂಗಳಿಗೊಮ್ಮೆ ಬಿಚ್ಚಿ ಸೋಪಿನ ನೀರಾಗ ತೊಳೀರಿ, ಒಳಗ ಉಸುಕು ಕೂಡತೈತಿ.

ಧಾರವಾಡ ಪೇಂಟ್:
ಬಣ್ಣ ಸರಿಮಾಡದೆ ಮುಚ್ಚಬೇಡಿ, ಪ್ರೈಮರ್ ಅಡಿಗೆ ನೀರು ಸೇರಿ ಸುತ್ತಲಿನ ಬಣ್ಣವೂ ಗುಳ್ಳೆ ಎದ್ದೀತು. ಮೊದಲು ಥಿನ್ನರ್ ಬಟ್ಟೆಯಿಂದ ಒರೆಸಿ. ಉಜ್ಜಿದ ಮೇಲೆ ಒರೆಸಿದರೆ ಜಿಡ್ಡು ಗೀರುಗಳೊಳಗೆ ಕೂತುಬಿಡುತ್ತದೆ. ಆಮೇಲೆ 320 ನಂಬರ್ ಉಪ್ಪುಕಾಗದದಿಂದ ಅಂಚು ಸಪಾಟಾಗುವಂತೆ ಉಜ್ಜಿ, ಎಪಾಕ್ಸಿ ಪ್ರೈಮರ್ ಹಚ್ಚಿ, ಒಣಗಿದ ಮೇಲೆ 400ರಿಂದ ತೆಳುವಾಗಿ ಉಜ್ಜಿ, ಪಿಯು ಎರಡು ಕೋಟು. ಹಾರ್ಡನರ್ ಅಳತೆ ಡಬ್ಬಿಯ ಮೇಲಿದ್ದಷ್ಟೇ. ಕಣ್ಣಂದಾಜಿನಲ್ಲಿ ಹಾಕಿದ ಬಣ್ಣ ಮೆತ್ತಗೇ ಉಳಿದು ಮತ್ತೆ ಸವೆಯುತ್ತದೆ. ಹಗ್ಗ ತಾಗಿಸಲು ಒಂದು ವಾರ ಕಾಯಿರಿ.

ಉಣಕಲ್ ದಂಡಿ:
ಕಾರಿಗೆ ಹಚ್ಚೂ ಪಾರದರ್ಶಕ ಪಿಪಿಎಫ್ (ಬಣ್ಣ ಕಾಯೂ ಅಂಟು ಫಿಲ್ಮ್) ನಡೀತೈತೇನ್ರಿ?

ಧಾರವಾಡ ಪೇಂಟ್:
ಮೈಯ ಸಪಾಟು ಭಾಗಕ್ಕೆ ಚೆನ್ನಾಗಿದೆ. 200 ಮೈಕ್ರಾನ್‌ನದು, ಮೂಲೆ ದುಂಡಗೆ ಕತ್ತರಿಸಿ, ಶಾಂಪೂ ನೀರು ಚಿಮುಕಿಸಿ ಅಂಟಿಸಿ. ಆದರೆ ಭಾರ ಬೀಳುವ ಅಂಚಿನಲ್ಲಿ ಅದು ತಡೆಯುವುದಿಲ್ಲ.

ಕ್ಲೀಟ್:
ಅಂಚಿಗೆ ಸ್ಟೇನ್‌ಲೆಸ್ ಅರ್ಧದುಂಡು ಪಟ್ಟಿನೇ ಬೇಕು. ಹಗ್ಗ ದಾಟೂ ಜಾಗದ ಎರಡೂ ಬಾಜು 15 ಸೆಂ.ಮೀ. ಹೆಚ್ಚಿಗಿ ಇರಲಿ, ಸ್ಕ್ರೂ ತೂತಿಗೆ ಪಿಯು ಸೀಲೆಂಟ್ ತುಂಬ್ರಿ. ಒಳಗ ಪ್ಲೈ ಇದ್ರ ತೂತಿನಿಂದ ನೀರು ಇಳಿದು ಕೊಳೀತೈತಿ. ಪಟ್ಟಿ ತುದಿ ಅರದಿಂದ ದುಂಡ ಮಾಡ್ರಿ, ಇಲ್ಲಾಂದ್ರ ಹಗ್ಗನ ಕೊಯ್ತೈತಿ.

ಇನ್ನೊಂದು, ಯಾರೂ ಹೇಳಲಿಲ್ಲ: ಕೆರಿ ನೀರು ಏರಿಳಿದಂಗ ಹಗ್ಗದ ಕೋನ ಬದಲಾಗತೈತಿ. ಬ್ಯಾಸಗಿಯೊಳಗ ನೀರು ಇಳಿದ್ರ ಜೆಟ್ಟಿ ಎತ್ತರಾಗಿ ಹಗ್ಗ ಮ್ಯಾಲಕ್ಕ ಜಗ್ಗತೈತಿ, ಮಳಿಗಾಲಕ್ಕ ನೀರು ಏರಿದ್ರ ಅದ ಹಗ್ಗ ಅಂಚಿನ ಮ್ಯಾಲೆ ಮಲಗತೈತಿ. ಮಳಿ ಹಿಡಿದಾಗ ವಾರಕ್ಕೊಮ್ಮೆ ಉದ್ದ ನೋಡಿ ಮತ್ತ ಕಟ್ರಿ, ತೊಡಿಗಿ ಅಂಚಿನ ಮ್ಯಾಲೆನ ಐತೇನು ನೋಡ್ರಿ.